ನಾಲ್ಕು ಬ್ಲಾಕು ಐಸಿನ ಬೀಳ್ಕೊಡುಗೆ

ನಮ್ಮ ಐಸ್ ಪ್ಲಾಂಟಿನ ಕಚೇರಿ ಅಂದರೆ ಒಂದು ಮೇಜು, ಎರಡು ಖುರ್ಚಿ, ಬಾಗಿಲ ಹಿಂದೆ ಒರಗಿಸಿಟ್ಟ ಒಂದು ಕೋಲು. ಮೇಜು ಖುರ್ಚಿಯ ಬಗ್ಗೆ ಇದುವರೆಗೆ ಯಾರೂ ವಿಚಾರಿಸಿದ್ದಿಲ್ಲ. ಕೋಲಿನ ಬಗ್ಗೆ ವಿಚಾರಿಸದೆ ಹೋದವರಿಲ್ಲ. ಎದೆಮಟ್ಟದ ಕೋಲು, ಕೆಳತುದಿಯಲ್ಲಿ ಅಂಗೈ ಅಗಲಕ್ಕೆ ಬಾಗಿದ ಹಲಗೆ. ಒಬ್ಬರು ದೋಣಿಯ ಹುಟ್ಟು ಅಂದುಕೊಂಡರು. ಇನ್ನೊಬ್ಬರು ಭತ್ತ ಹರವುವ ಹೊಸ ಸಾಮಾನು, ಸಬ್ಸಿಡಿಯಲ್ಲಿ ಸಿಕ್ಕಿದ್ದಾ ಎಂದು ಕೇಳಿದರು. ಕಳೆದ ತಿಂಗಳು ಒಬ್ಬ ಪ್ರವಾಸಿ ಅದನ್ನು ಕೊಡ್ತೀರಾ ಅಂದ. ಸಾಮಾನು ಏನೆಂದು ಗೊತ್ತಿಲ್ಲದೆಯೇ ಬೆಲೆ ಕೇಳುವ ಗಿರಾಕಿ ಸಿಕ್ಕುವುದು ಅಪರೂಪ. ಆದರೂ ಕೊಡಲಿಲ್ಲ. ನಾನು ಮಾರದೆ ಇಟ್ಟುಕೊಂಡ ವಸ್ತುಗಳ ಪಟ್ಟಿ ಮಾಡಿದರೆ ಈ ಕೋಲು ಬಿಟ್ಟು ನನ್ನ ಮಂಗಳಸೂತ್ರ ಮಾತ್ರ ಬರುತ್ತದೆ.

ನನ್ನ ಪರಿಚಯ ಹೇಳಿಬಿಡುತ್ತೇನೆ. ಹೆಸರು ದೇವಕಿ. ಹುಟ್ಟಿದ್ದು ಅಂಕೋಲೆಯ ಹಟ್ಟಿಕೇರಿಯಲ್ಲಿ. ಹರಿವೆ, ಬಸಳೆ ಬುಟ್ಟಿಯಲ್ಲಿಟ್ಟುಕೊಂಡು ಬಸ್ಸು ಹತ್ತಿ ಕಾರವಾರದ ಆದಿತ್ಯವಾರದ ಸಂತೆಗೆ ಬರುತ್ತಿದ್ದವಳು. ನನ್ನ ಬುಟ್ಟಿಯ ಪಕ್ಕದಲ್ಲಿ ಶಾಂತಾಬಾಯಿ ಬಂಗಡೆ ಇಟ್ಟುಕೊಂಡು ಕೂರುತ್ತಿದ್ದಳು. ಬಿಸಿಲೇರಿದ ಹಾಗೆ ಅವಳ ಬೆಲೆ ಇಳಿಯುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಗಿರಾಕಿ ಕೇಳಿದ್ದೇ ಬೆಲೆ. ಅವಳ ಮೀನಿಗಿಂತ ಅವಳಿಗೆ ಬೇಕಾದ ಐಸು ಮಾರುವುದು ಮೇಲು ಎಂದು ನನಗೆ ಹೊಳೆದದ್ದು ಅಲ್ಲೇ. ಬೇರೆಯವರ ಪ್ಲಾಂಟಿನಿಂದ ಐಸು ತಂದು, ಗೋಣಿಯಲ್ಲಿ ಉಮಿ ತುಂಬಿ ಸುತ್ತಿ, ಅಂಕೋಲೆಯವರೆಗೆ ಟೆಂಪೋದಲ್ಲಿ ಒಯ್ದೆ. ದಾರಿಯಲ್ಲಿ ಕಾಲು ಭಾಗ ನೀರಾಗಿ ಹೋಗುತ್ತಿತ್ತು. ಕರಗುವ ಮಾಲು ಮಾರಿದವರಿಗೆ ಒಂದು ವಿದ್ಯೆ ಬರುತ್ತದೆ: ಮಾತು ಬೇಗ ಮುಗಿಸುವುದು. ಈಗ ಬಂದರಿನ ಹತ್ತಿರ ಈ ಸಣ್ಣ ಪ್ಲಾಂಟು ನನ್ನದೇ. ಬುಟ್ಟಿ ಹೊತ್ತ ಕತೆಯನ್ನು ನಾನು ಬೇಕಾದ್ದಕ್ಕಿಂತ ಹೆಚ್ಚು ಸಲ ಹೇಳುತ್ತೇನೆ ಅಂತ ಮನೆಯವರ ದೂರು ಇದೆ. ನೀವು ಮೊದಲ ಸಲ ಕೇಳುತ್ತಿದ್ದೀರಿ, ಸಹಿಸಿಕೊಳ್ಳಿ.

ಕೇಳದಿದ್ದರೂ ಒಂದು ಬುದ್ಧಿಮಾತು ಹೇಳುತ್ತೇನೆ. ಯಾರ ಹತ್ತಿರವಾದರೂ ಏನಾದರೂ ಕೇಳುವಾಗ ಅದು ಯಾತಕ್ಕೆ ಬೇಕು ಅಂತ ಬಾಯಿ ಬಿಡಬೇಡಿ. ಮಗಳ ಮದುವೆಗೆ ಅಂದರೆ ತೆಂಗಿನಕಾಯಿಯ ಬೆಲೆ ಮೇಲೆ ಹೋಗುತ್ತದೆ. ಅದೇ ಕಾಯಿಯನ್ನು ಸುಮ್ಮನೆ ತಟ್ಟಿ ನೋಡಿ, ಮುಖ ಸಣ್ಣ ಮಾಡಿ, ಎರಡು ಹೆಜ್ಜೆ ಮುಂದೆ ಹೋಗಿ ನೋಡಿ. ಈ ನಿಯಮದಿಂದ ನಾನು ಬದುಕಿನಲ್ಲಿ ಬಹಳ ಲಾಭ ಮಾಡಿಕೊಂಡಿದ್ದೇನೆ. ನಷ್ಟವಾದದ್ದು ಒಂದೇ ಸಲ, ಅದನ್ನೇ ಹೇಳಲು ಹೊರಟಿದ್ದೇನೆ.

ಕೋಲು ನನ್ನ ತಂಗಿ ಗಿರಿಜೆಯ ಮಗ ವಸಂತನದು. ಹಟ್ಟಿಕೇರಿಯ ಹುಡುಗ ಸೈನ್ಯಕ್ಕೆ ಸೇರಿ ಲಡಾಖಿಗೆ ಹೋದ. ಅಲ್ಲಿ ಚಳಿಗಾಲದಲ್ಲಿ ಕೆರೆಗಳೆಲ್ಲ ಕಲ್ಲಾಗುತ್ತವಂತೆ, ಅದರ ಮೇಲೆ ಕಾಲಿಗೆ ಕಬ್ಬಿಣದ ಅಲಗು ಕಟ್ಟಿಕೊಂಡು, ಇಂಥ ಕೋಲು ಹಿಡಿದು ಹಾಕಿ ಆಟ ಆಡುತ್ತಾರಂತೆ. ಚೆಂಡಿಲ್ಲ, ರಬ್ಬರಿನ ಒಂದು ಕಪ್ಪು ಬಿಲ್ಲೆ, ಕೇರಂ ಬಿಲ್ಲೆಯ ದೊಡ್ಡಣ್ಣನ ಹಾಗೆ. ಮೊದಲ ಸಲ ರಜೆಗೆ ಬಂದಾಗ ಅವನು ಇದನ್ನೆಲ್ಲ ಹೇಳುತ್ತಿದ್ದರೆ ನನಗೆ ಆಟ ತಲೆಗೆ ಹೋಗಲಿಲ್ಲ.

"ಆ ಐಸಿಗೆ ಕರೆಂಟು ಎಲ್ಲಿಂದ?" ಎಂದು ಕೇಳಿದೆ.

"ಕರೆಂಟು ಎಂತಕ್ಕೆ ದೊಡ್ಡಮ್ಮ? ಸಂಜೆ ಮೇಲಿಂದ ಒಂದಷ್ಟು ನೀರು ಹೊಯ್ದು ಬಿಟ್ರೆ ಬೆಳಿಗ್ಗೆ ಕನ್ನಡಿ ಆಗಿರ್ತದೆ."

ನಾನು ಎರಡು ದಿನ ಅದೇ ಯೋಚನೆಯಲ್ಲಿದ್ದೆ. ಅಷ್ಟು ಐಸು, ಪುಕ್ಕಟೆ, ಹತ್ತಿರದಲ್ಲಿ ಒಂದು ಮೀನಿಲ್ಲ. ದೇವರಿಗೆ ವ್ಯಾಪಾರ ಗೊತ್ತಿಲ್ಲ.

ಅವನನ್ನು ಗೋಲು ಕಾಯಲು ನಿಲ್ಲಿಸಿದ್ದರ ಹಿಂದೆ ದೊಡ್ಡ ಪ್ರತಿಭೆಯೇನೂ ಇರಲಿಲ್ಲ, ಅವನೇ ಹೇಳಿದ್ದು. ಹುಟ್ಟಿದಾಗಿನಿಂದ ಐಸಿನ ಮೇಲೆ ಓಡಿದ ಅಲ್ಲಿನ ಹುಡುಗರ ಮುಂದೆ ಇವನು ಹೆಜ್ಜೆಗೊಮ್ಮೆ ಬೀಳುತ್ತಿದ್ದ. ಮೈತುಂಬ ಹಾಸಿಗೆಯಂಥ ರಕ್ಷೆ ಕಟ್ಟಿ ಗೋಲಿನ ಮುಂದೆ ನಿಲ್ಲಿಸಿದರು. ನಿಂತ. ಮರುವರ್ಷವೂ ನಿಂತ. ಹಾಗೆ ಏಳು ಚಳಿಗಾಲ ನಿಂತು, ಕೊನೆಗೆ ಅವನಿಲ್ಲದೆ ಅವರ ತಂಡ ಆಡುವುದೇ ಇಲ್ಲ ಎನ್ನುವಷ್ಟಾಯಿತು. ನಮ್ಮ ಕಡೆ ಯಾರೂ ಅವನ ಆಟ ನೋಡಿದ್ದಿಲ್ಲ. ಮೊಬೈಲಿನಲ್ಲಿ ತೋರಿಸಿದ್ದರಲ್ಲಿ ಬಿಳಿ ಬಯಲು, ಅದರಲ್ಲಿ ಓಡಾಡುವ ಚುಕ್ಕೆಗಳು. "ಇದ್ರಲ್ಲಿ ನೀ ಯಾರು?" ಅಂತ ಅವನ ಅವ್ವ ಕೇಳಿದರೆ, "ಓಡದೆ ನಿಂತದ್ದು ನಾನು" ಅನ್ನುತ್ತಿದ್ದ.

ಒಂದು ವಿಚಿತ್ರ ಅಭ್ಯಾಸ ಮಾತ್ರ ಮನೆಗೂ ಬಂತು. ಯಾವ ಬಾಗಿಲು ದಾಟುವಾಗಲೂ ಎಡದ ದಾರಂದ ಒಮ್ಮೆ, ಬಲದ ದಾರಂದ ಒಮ್ಮೆ ತಟ್ಟುತ್ತಿದ್ದ. ಗೋಲು ಕಾಯುವವನು ಹಿಂದೆ ತಿರುಗಿ ನೋಡುವ ಹಾಗಿಲ್ಲವಂತೆ. ತಾನು ಸರಿಯಾಗಿ ನಡುವೆ ನಿಂತಿದ್ದೇನೆಯೇ ಅಂತ ತಿಳಿಯಲು ಕೋಲಿನಿಂದ ಎರಡೂ ಕಂಬ ತಟ್ಟಿ ನೋಡಿಕೊಳ್ಳುತ್ತಾನಂತೆ. ಅಡಿಗೆಮನೆ, ಬಚ್ಚಲುಮನೆ, ನಮ್ಮ ಪ್ಲಾಂಟಿನ ಕಚೇರಿ, ಎಲ್ಲ ಕಡೆ ಟಕ್, ಟಕ್. ಗಿರಿಜೆಗೆ ಇದು ಸರಿ ಕಾಣಲಿಲ್ಲ. "ಏನೋ ಹಿಡ್ಕೊಂಡದೆ ಅಕ್ಕಾ" ಅಂತ ಒಂದು ಹರಕೆ ಹೇಳಿಕೊಂಡಳು.

ನಿಜವಾಗಿ ಹಿಡಿದುಕೊಂಡದ್ದು ಬೇರೆ. ಹೋದ ಚಳಿಗಾಲ ಅವನ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ, ಅದರ ಒಂದು ಚೂರು ಶ್ವಾಸಕೋಶಕ್ಕೆ ಹೋಗಿ ಕೂತಿತು. ಆಟದ ಹಿಂದಿನ ದಿನ ಉಸಿರು ಸಿಗದೆ ಬಿದ್ದವನನ್ನು ವಿಮಾನದಲ್ಲಿ ಕೆಳಗೆ ತಂದರು. ಜೀವ ಉಳಿಯಿತು. ರಕ್ತ ತೆಳುವಾಗಿಡುವ ಮಾತ್ರೆ ಬದುಕಿಡೀ ಬೇಕಾಯಿತು. ಆ ಮಾತ್ರೆ ತಿನ್ನುವವನಿಗೆ ಗಟ್ಟಿ ಪೆಟ್ಟು ಬಿದ್ದರೆ ರಕ್ತ ನಿಲ್ಲುವುದಿಲ್ಲ. ಬಿಲ್ಲೆಗೆ ಎದೆಯೊಡ್ಡಿ ನಿಲ್ಲುವ ಆಟ ಅಲ್ಲಿಗೆ ಮುಗಿಯಿತು. ಎತ್ತರದ ಊರಿಗೂ ಹೋಗಬಾರದು ಅಂದರು. ತಂಡದವರು ಬೀಳ್ಕೊಡುಗೆ ಮಾಡಬೇಕೆಂದಿದ್ದರಂತೆ, ಇವನು ಆಸ್ಪತ್ರೆಯಲ್ಲಿದ್ದ. ಅವನ ಅಲಗಿನ ಬೂಟು, ಹೆಲ್ಮೆಟ್ಟು, ಕೋಲು ಎಲ್ಲ ಒಂದು ಚೀಲದಲ್ಲಿ ಕಟ್ಟಿ ಕಳಿಸಿಕೊಟ್ಟರು. ಕೋಲು ಚೀಲದ ಹೊರಗೆ ಚಾಚಿಕೊಂಡು ಬಂತು.

ವಾರಕ್ಕೊಮ್ಮೆ ರಕ್ತ ಪರೀಕ್ಷೆ ಇದ್ದದ್ದರಿಂದ ವಸಂತ ಕಾರವಾರದಲ್ಲಿ ನನ್ನ ಮನೆಯಲ್ಲೇ ಉಳಿದ. ನೋಡಿದರೆ ಎತ್ತಿನ ಹಾಗಿದ್ದಾನೆ. ಇದೇ ಅವನ ಕಷ್ಟ. ಕಾಲು ಮುರಿದಿದ್ದರೆ ಜನ ಕಿತ್ತಳೆ ತಂದು ಕೊಡುತ್ತಿದ್ದರು. ಇವನಿಗೆ ಬರೀ ಸಲಹೆ ತಂದು ಕೊಟ್ಟರು. ಐಸಿನ ಮೇಲೆ ನಿಂತೇ ರಕ್ತ ಹೆಪ್ಪಾದದ್ದು ಅಂದರು ಕೆಲವರು, ಹಾಗೆ ಅಂದು ನನ್ನ ಕಡೆ ನೋಡಿದರು. ಕಾಯಿಲೆಗೆ ನಾನೇ ಐಸು ಸಪ್ಲೈ ಮಾಡಿದ ಹಾಗೆ. ಡಾಕ್ಟರು ಸೊಪ್ಪು ದಿನಕ್ಕೊಂದು ಅಳತೆ ಮೀರಬಾರದು, ಮಾತ್ರೆಯ ಕೆಲಸ ಕೆಡುತ್ತದೆ ಅಂದರು. ಹರಿವೆ ಮಾರಿ ಮೇಲೆ ಬಂದವಳಿಗೆ ಈ ಮಾತು ಸುಲಭಕ್ಕೆ ಜೀರ್ಣವಾಗುವಂಥದ್ದಲ್ಲ. ಆದರೂ ಒಪ್ಪಿಕೊಂಡೆ. ನಾನೂ ಸಲಹೆ ಕೊಡದೆ ಬಿಡಲಿಲ್ಲ: ಕೋಳಿ ಸಾಕು, ಬೇಕರಿ ಇಡು, ಶೆಟ್ಲಿ ಸಿಗಡಿ ಒಣಗಿಸಿ ಮಾರು. ಎಲ್ಲದಕ್ಕೂ "ನೋಡುವ ದೊಡ್ಡಮ್ಮ" ಅನ್ನುತ್ತಿದ್ದ. ಅನ್ನುತ್ತ ಆ ಬೂಟಿನ ಅಲಗಿಗೆ ಎಣ್ಣೆ ಸವರುತ್ತಿದ್ದ. ಕಾರವಾರದ ಗಾಳಿಗೆ ಕಬ್ಬಿಣ ಒಂದೇ ವಾರದಲ್ಲಿ ತುಕ್ಕು ಹಿಡಿಯುತ್ತದೆ. ಇವನ ಅಲಗಿನಲ್ಲಿ ಮಾತ್ರ ಮುಖ ಕಾಣುತ್ತಿತ್ತು.

ಬೇಸಿಗೆಯಲ್ಲಿ ಅವನಿಗೊಂದು ಕಾಗದ ಬಂತು. ಬಯಲುಸೀಮೆಯ ಒಂದು ಡಿಪೋದಲ್ಲಿ ಸಾಮಾನಿನ ಕೋಠಿ ನೋಡಿಕೊಳ್ಳುವ ಕೆಲಸ ಕೊಡುತ್ತೇವೆ, ಒಪ್ಪಿಗೆಯಿದ್ದರೆ ತಿಂಗಳೊಳಗೆ ಸಹಿ ಹಾಕಿ ಕಳಿಸು, ಇಲ್ಲವಾದರೆ ಕಾಯಿಲೆಯ ಲೆಕ್ಕದಲ್ಲಿ ಬಿಡುಗಡೆ. ನನ್ನನ್ನು ಕೇಳಿದರೆ ಇದು ಚಿನ್ನದಂಥ ಮಾತು. ಸಂಬಳ ಹಾಗೇ, ಚಳಿ ಇಲ್ಲ, ಬಿಲ್ಲೆ ಇಲ್ಲ. ಆದರೆ ಸಹಿ ಹಾಕುವ ಜಾಗದ ಮೇಲೆಯೇ ಒಂದು ಸಾಲಿತ್ತು, ಇನ್ನು ಮುಂದೆ ಎತ್ತರದ ಪ್ರದೇಶದ ಸೇವೆಗೂ ಕ್ರೀಡೆಗೂ ನಾನು ಅರ್ಹನಲ್ಲ ಎಂದು ತಿಳಿದಿದ್ದೇನೆ ಅಂತ. ಇಪ್ಪತ್ತೆರಡು ದಿನ ಕಾಗದ ಬೂಟಿನ ಚೀಲದೊಳಗಿತ್ತು. ಅವ್ವನ ಹತ್ತಿರ ಬರುವ ಚಳಿಗಾಲಕ್ಕೆ ವಾಪಸ್ ಹೋಗ್ತೆ ಅಂತ ಹೇಳಿಕೊಂಡಿದ್ದ. ಗಿರಿಜೆ ಉಣ್ಣೆಯ ಟೋಪಿ ಹೆಣೆಯಲು ಶುರುಮಾಡಿದ್ದಳು.

ಇನ್ನು ಎಂಟು ದಿನ ಉಳಿಯಿತು. ನಾನು ಕಚೇರಿಗೆ ಕರೆದು ಎದುರಿಗೆ ಕೂರಿಸಿದೆ. ಬರುವಾಗ ಟಕ್, ಟಕ್.

"ನಿಂಗೆ ಬುದ್ಧಿ ಹೇಳೂದಿಲ್ಲ" ಅಂದೆ. ಅವನು ನಂಬಲಿಲ್ಲ. "ಸಹಿ ಹಾಕೋಕೆ ಎಂತ ಬೇಕು, ಹೇಳು. ನಿನ್ನ ರೇಟು ನೀ ಹೇಳು, ನನ್ನದು ನಾ ಹೇಳ್ತೆ."

"ಒಂದ್ಸಲ ಆಡಬೇಕಿತ್ತು. ಕೊನೇದು ಅಂತ ಗೊತ್ತಿದ್ದು ಆಡಬೇಕಿತ್ತು" ಅಂದ.

"ಆಡೂದು ಆಗೂದಿಲ್ಲ. ಮುಂದಿಂದು ಹೇಳು."

"ಹತ್ತು ನಿಮಿಷ ಐಸಿನ ಮೇಲೆ ಜಾರ್ತೆ."

"ಜಾರೂದೂ ಇಲ್ಲ. ನಿಂತ್ಕೊ."

"ಎಲ್ಲಿ ನಿಂತ್ಕೊಳ್ಳಲಿ, ಕಾಳಿ ನದಿ ಮೇಲಾ?"

"ಐಸು ನಾ ಕೊಡ್ತೆ. ನಾಲ್ಕು ಬ್ಲಾಕು ಸಾಲಾಗಿ ಇಟ್ರೆ ನಿನ್ನ ಎರಡು ಕಾಲಿಗೆ ಸಾಕು. ಐದು ನಿಮಿಷ. ಹೆಲ್ಮೆಟ್ಟು ಬೇಕು. ಸುತ್ತ ಗೋಣಿ ಹಾಸ್ತೆ. ನಿನ್ನ ಕೈ ನಾ ಹಿಡ್ಕೊಂಡಿರ್ತೆ."

"ಕೈ ಬಿಡಬೇಕು. ಕೈಯಾಗೆ ಕೋಲು ಬೇಕು."

"ಹಂಗಾರೆ ಸೊಂಟ ಹಿಡ್ಕೊಳ್ತೆ."

"ಸೊಂಟ ಹಿಡ್ಸಿಕೊಂಡು ಗೋಲು ಕಾಯೋರನ್ನ ನಾ ಎಲ್ಲೂ ನೋಡ್ಲಿಲ್ಲ ದೊಡ್ಡಮ್ಮ."

"ಕಾರವಾರದ ಪದ್ಧತಿ ಅಂದ್ಕೊ."

ಕಾಯಿಲೆ ಬಂದಮೇಲೆ ಮೊದಲ ಸಲ ಹಲ್ಲು ಬಿಟ್ಟ. ಕೊನೆಗೆ ಅಂಗಿಯ ಹಿಂದಿನ ತುದಿ ಹಿಡಿದುಕೊಳ್ಳುವುದಕ್ಕೆ ಒಪ್ಪಂದವಾಯಿತು. ಆಟದಿಂದ ಶುರುವಾದವನನ್ನು ನಿಲ್ಲುವುದಕ್ಕೆ ಇಳಿಸಿದೆನಲ್ಲ ಅಂತ ನನಗೆ ಒಳಗೊಳಗೇ ಹೆಮ್ಮೆ. ಎದ್ದು ಹೋಗುವಾಗ ಅವನು ಹೇಳಿದ, "ನಾ ಆಟದಲ್ಲೂ ನಿಲ್ಲೋನೇ ಆಗಿದ್ದೆ." ಟಕ್, ಟಕ್. ಯಾರು ಯಾರನ್ನು ಇಳಿಸಿದ್ದು ಅಂತ ನಾನು ಮಧ್ಯಾಹ್ನದವರೆಗೆ ಯೋಚಿಸಿದೆ.

ಡಾಕ್ಟರನ್ನು ಕೇಳದೆ ಮಾಡಲಿಲ್ಲ. "ಅವನು ಐದು ನಿಮಿಷ ನಿಂತುಕೊಂಡರೆ ಏನಾದರೂ ತೊಂದರೆ ಇದೆಯಾ?" ಎಂದು ಫೋನಿನಲ್ಲಿ ಕೇಳಿದೆ. "ನಿಲ್ಲೋದಕ್ಕೇನಮ್ಮಾ, ದಿನಾ ನಡೀಲಿ ಅಂತ ಹೇಳಿದ್ದೇನಲ್ಲ" ಅಂದರು. ಎಲ್ಲಿ ನಿಲ್ಲುವುದು ಅಂತ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಿಯಮ ನಿಮಗೆ ನೆನಪಿದೆಯಲ್ಲ.

ಪ್ಲಾಂಟಿನ ಕೆಲಸ ನೋಡಿಕೊಳ್ಳುವವನು ಕದ್ವಾಡದ ಪಾಂಡುರಂಗ. ನನ್ನ ಹತ್ತಿರ ಇಪ್ಪತ್ತು ವರ್ಷದಿಂದ ಇದ್ದಾನೆ, ಒಂದು ದಿನ ತಡ ಮಾಡಿದವನಲ್ಲ. ಅವನಿಗೆ ಹೇಳಿದೆ, "ನಾಳೆ ಬೆಳಿಗ್ಗೆ ಏಳು ಗಂಟೆಗೆ ನನಗೆ ನಾಲ್ಕು ಬ್ಲಾಕು ಬೇಕು. ಚಲೋದ್ದೇ ಆರಿಸು, ನಡುವೆ ಬಿಳಿ ಇರಬಾರದು, ಗಾಜಿನ ಹಾಗಿರಬೇಕು. ಶೆಡ್ಡಿನ ಮಧ್ಯೆ ಇಡು." ಯಾತಕ್ಕೆ ಅಂತ ಅವನು ಮುಖ ನೋಡಿದ. ನಾನು ಹೇಳಲಿಲ್ಲ. ಅಭ್ಯಾಸ.

ಗಿರಿಜೆಗೆ ಮೊದಲ ಬಸ್ಸಿಗೆ ಬಾ ಅಂದಿದ್ದೆ, ಬಂದಳು. ಬೀಳ್ಕೊಡುಗೆ ಅಂದಮೇಲೆ ಶಾಲು ಬೇಕು, ಹಣ್ಣು ಬೇಕು. ಶಾಲು ಆರಿಸುವಾಗ ಒಂದು ವಿಷಯ ನೋಡಿಕೊಳ್ಳಿ: ಸನ್ಮಾನದ ಶಾಲು ಅಂತ ಕೇಳಿದರೆ ಜರಿ ಮಾತ್ರ ಇದ್ದು ಬಟ್ಟೆಯೇ ಇಲ್ಲದ್ದನ್ನು ಕೊಡುತ್ತಾರೆ. ಹೊದ್ದುಕೊಳ್ಳುವುದಕ್ಕೆ ಅಂತ ಕೇಳಿ. ಬಾಳೆಹಣ್ಣಿನ ಒಂದು ಚಿಪ್ಪು ತಂದೆ. ವಸಂತ ಚೀಲ ಹೆಗಲಿಗೆ ಹಾಕಿಕೊಂಡು, ಬೂಟು ಕೈಯಲ್ಲಿ ಹಿಡಿದು, ಸ್ನಾನ ಮಾಡಿ ತಲೆ ಬಾಚಿಕೊಂಡು ಬಂದ. ಹುಡುಗಿ ನೋಡಲು ಹೊರಟವನ ಹಾಗಿದ್ದ.

ಶೆಡ್ಡಿನಲ್ಲಿ ಪಾಂಡುರಂಗ ಕೈ ಒರೆಸಿಕೊಳ್ಳುತ್ತ ನಿಂತಿದ್ದ. "ಸಗಳೆ ಜಾಲೆ, ಅಕ್ಕಾ" ಅಂದ. ಎಲ್ಲ ಆಯಿತು ಅಂತ.

ಎಲ್ಲ ಆಗಿತ್ತು. ಶೆಡ್ಡಿನ ನಡುವೆ ನಾಲ್ಕು ಬ್ಲಾಕಿನ ಐಸು ಪುಡಿಯಾಗಿ, ಬೆಳ್ಳಗೆ, ಮೊಣಕಾಲೆತ್ತರದ ರಾಶಿಯಾಗಿ ಬಿದ್ದಿತ್ತು.

ತಪ್ಪು ಅವನದಲ್ಲ. ನಮ್ಮಲ್ಲಿ ಮೀನಿನ ಹೆಂಗಸರು ಬರುವ ಹೊತ್ತಿಗೆ ಹೊರಗೆ ಒಂದು ಬ್ಲಾಕು ಇಡಿಯಾಗಿ ಇರಬಾರದು ಅಂತ ನಿಯಮ. ಇಡೀ ಬ್ಲಾಕು ಕಂಡರೆ ಇದು ಸಣ್ಣದು, ಅದರ ಮೂಲೆ ಕರಗಿದೆ, ಆಕೆಗೆ ದೊಡ್ಡದು ಕೊಟ್ಟೆ ಅಂತ ಜಗಳ. ಪುಡಿ ಮಾಡಿ ಕ್ರೇಟಿನಲ್ಲಿ ಅಳೆದರೆ ಮಾತಿಗೆ ಜಾಗವಿಲ್ಲ. ಆ ನಿಯಮ ಮಾಡಿದವಳು ನಾನು. ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದವಳೂ ನಾನೇ. ಪಾಂಡುರಂಗ ಬೆಳಿಗ್ಗೆ ನಾಲ್ಕು ಚಂದದ ಬ್ಲಾಕು ಆರಿಸಿ ಹೊರಗೆ ತಂದಿದ್ದಾನೆ, ಗಡಿಯಾರ ನೋಡಿದ್ದಾನೆ, ಗೋಡೆ ನೋಡಿದ್ದಾನೆ, ಒಂದೊಂದಾಗಿ ಕ್ರಷರಿಗೆ ಕೊಟ್ಟಿದ್ದಾನೆ. ಇದರ ಮೇಲೆ ಮನುಷ್ಯ ನಿಲ್ಲುತ್ತಾನೆ ಅಂತ ಅವನಿಗೆ ಯಾರು ಹೇಳಿದ್ದರು?

"ಬಹಳ ಸಣ್ಣ ಮಾಡ್ದೆ, ಅಕ್ಕಾ. ರವೆ ಹಾಗೆ" ಅಂದ, ನನ್ನ ಮುಖ ನೋಡಿ ಸಂತೋಷ ಸಾಲದು ಅನ್ನಿಸಿರಬೇಕು.

ನಾನು ವಸಂತನ ಕಡೆ ತಿರುಗಿದೆ. "ಟ್ಯಾಂಕಿನಲ್ಲಿ ಬೇರೆ ಗಟ್ಟಿ ಆಗ್ತಾ ಅದೆ. ನಾಳೆ ಬೆಳಿಗ್ಗೆ ತೆಗ್ಸ್ತೆ. ನಾಲ್ಕಲ್ಲ, ಎಂಟು ಕೊಡ್ತೆ." ಮೂವತ್ತು ವರ್ಷದ ವ್ಯಾಪಾರದಲ್ಲಿ ಗಿರಾಕಿ ಕೇಳುವ ಮೊದಲೇ ನಾನು ಎರಡರಷ್ಟು ಕೊಡುತ್ತೇನೆ ಅಂದದ್ದು ಅದೊಂದೇ ಸಲ.

ಅವನು ರಾಶಿಯ ಮುಂದೆ ಕೂತು ಕೈ ಹಾಕಿದ. ಒಂದು ಮುಷ್ಟಿ ತೆಗೆದು ಹಿಂಡಿದ, ಬೆರಳ ಸಂದಿಯಿಂದ ನೀರು ಇಳಿಯಿತು.

"ದೊಡ್ಡಮ್ಮ, ಐಸು ಗಾಜಿನ ಹಾಗೆ ಇರೂದು ಆಟ ಶುರುವಾಗೂ ಮೊದಲು" ಅಂದ. "ಗೋಲು ಕಾಯೋನು ಮೊದಲು ಮಾಡೂ ಕೆಲಸ ಅಂದ್ರೆ ಆ ಗಾಜನ್ನ ಅಲಗಿನಿಂದ ಕೆರೆಯೂದು. ಇಲ್ದಿದ್ರೆ ಕಾಲು ನಿಲ್ಲೂದಿಲ್ಲ. ಆಟ ಪೂರ್ತಿ ಕೆರೀತಾನೇ ಇರ್ತೆ. ಮುಗಿಯೂ ಹೊತ್ತಿಗೆ ನನ್ನ ಕಾಲ ಬುಡದಾಗೆ ಹೀಗೇ ಇರ್ತಿತ್ತು. ಹೀಗೇ."

ಬೂಟನ್ನು ಚೀಲದೊಳಗೆ ಹಾಕಿದ. ಕೋಲು ತೆಗೆದುಕೊಂಡ. ಚಪ್ಪಲಿಯಲ್ಲೇ ಆ ರಾಶಿಯ ಹತ್ತಿರ ನಿಂತು, ಕೋಲಿನ ಹಲಗೆಯಿಂದ ಐಸನ್ನು ಎಡಕ್ಕೊಂದು ಸಲ, ಬಲಕ್ಕೊಂದು ಸಲ ತಳ್ಳಿ ಹರವತೊಡಗಿದ. ಆಟ ಮುಗಿದಮೇಲೆ ಜಾಗ ಚೊಕ್ಕ ಮಾಡಿ ಹೋಗುವುದು ಅವನ ಕೆಲಸವಂತೆ. ಅವಸರವಿಲ್ಲ, ಶಬ್ದವಿಲ್ಲ. ಅವನ ಅಂಗಿಯ ತುದಿ ನನ್ನ ಕೈಯಲ್ಲಿತ್ತು, ಒಪ್ಪಂದದ ಪ್ರಕಾರ. ಬೀಳುವ ಸಂಭವವೇ ಇರಲಿಲ್ಲ, ಆದರೂ ಬಿಡಲಿಲ್ಲ.

ಅಷ್ಟೊತ್ತಿಗೆ ಶಾಂತಾಬಾಯಿ ಮತ್ತು ಇನ್ನು ನಾಲ್ಕು ಮೀನಿನ ಹೆಂಗಸರು ಕ್ರೇಟು ಹಿಡಿದು ಬಂದರು. ಸ್ವಲ್ಪ ಹೊತ್ತು ನೋಡಿದರು.

"ಚಲೋ ಹರವ್ತಾನೆ ಹುಡುಗ" ಅಂದಳು ಶಾಂತಾಬಾಯಿ. "ಹೊಸಬನಾ?"

"ನಮ್ಮ ಗಿರಿಜೆ ಮಗ. ಐಸಿನ ಮೇಲೆ ಆಡ್ತಿದ್ದ. ಇವತ್ತು ಬಿಡ್ತಾನೆ" ಅಂದೆ.

"ಹಂಗಾರೆ ಶಾಲು ಹೊದೆಸ್ರೇ. ಹಂಗೇ ಕಳಿಸ್ತಾರಾ ಯಾರಾದ್ರೂ?"

ಗಿರಿಜೆ ಶಾಲು ಹೊದೆಸಿದಳು. ಬಾಳೆಹಣ್ಣು ಕೈಗಿಟ್ಟಳು. ಸನ್ಮಾನ ಮಾಡಿಸಿಕೊಂಡವನು ಎರಡು ಮಾತಾಡಬೇಕು, ಅದು ಇಲ್ಲಿನ ಪದ್ಧತಿ. ಹೆಂಗಸರು ಕ್ರೇಟು ಬೋರಲು ಹಾಕಿ ಅದರ ಮೇಲೆ ಕೂತರು. ಪಾಂಡುರಂಗ ಮೋಟಾರು ನಿಲ್ಲಿಸಿದ.

ವಸಂತ ಬಾಳೆಹಣ್ಣಿನ ಚಿಪ್ಪು ಹಿಡಿದುಕೊಂಡೇ ಮಾತಾಡಿದ. "ಏಳು ವರ್ಷ ಗೋಲು ಕಾದೆ. ತಡೆದದ್ದು ಒಂದೂ ನೆನಪಿಲ್ಲ. ನನ್ನ ದಾಟಿ ಹೋದದ್ದು ಎಲ್ಲ ನೆನಪದೆ, ಯಾವ ಕಡೆಯಿಂದ ಹೋಯ್ತು ಅಂತ ಈಗ್ಲೂ ಹೇಳ್ತೆ. ಬೈಯ್ಯಬೇಕಿತ್ತು ನನ್ನ ಹುಡುಗರು. ಒಬ್ಬರೂ ಬೈಲಿಲ್ಲ. ಪ್ರತೀ ಸಲ ಬಂದು ಹೆಲ್ಮೆಟ್ಟಿಗೆ ತಟ್ಟಿ ಹೋಗ್ತಿದ್ರು, ಅಷ್ಟೇ." ಅಲ್ಲಿಗೆ ನಿಂತ. ಕಣ್ಣು ಒರೆಸಿಕೊಳ್ಳಲು ಕೈ ಖಾಲಿಯಿಲ್ಲ, ಒಂದರಲ್ಲಿ ಕೋಲು, ಒಂದರಲ್ಲಿ ಬಾಳೆಹಣ್ಣು.

ಶಾಂತಾಬಾಯಿ ಎದ್ದು ಬಂದಳು. ಬಂಗಡೆಯ ಹೊಲಸು ಹತ್ತಿದ ಕೈಯನ್ನು ಸೀರೆಗೆ ಒರೆಸಿಕೊಂಡು, ಅವನ ತಲೆಯ ಮೇಲೆ ಎರಡು ಸಲ ತಟ್ಟಿ, ಹೋಗಿ ಮತ್ತೆ ಕೂತಳು. ಆಮೇಲೆ ಉಳಿದವರೂ ಒಬ್ಬೊಬ್ಬರಾಗಿ ಬಂದು ತಟ್ಟಿದರು. ಪಾಂಡುರಂಗನೂ ಬಂದ. ಅವನಿಗೆ ಸಂಗತಿ ಏನೆಂದು ಆಗಲೂ ಗೊತ್ತಿರಲಿಲ್ಲ.

ಎಲ್ಲ ಮುಗಿದಮೇಲೆ ಹೆಂಗಸರು ಆ ಐಸನ್ನೇ ಕ್ರೇಟಿಗೆ ತುಂಬಿಕೊಂಡರು. ಆ ದಿನದ ಅಂಕೋಲೆಯ ತಾರ್ಲೆ ಮೀನೆಲ್ಲ ಅದರ ಮೇಲೆಯೇ ಹೋಯಿತು. ವಸಂತ ಇಬ್ಬದಿಯಲ್ಲಿ ಬಿದ್ದಿದ್ದ ಎರಡು ಖಾಲಿ ಕ್ರೇಟಿಗೆ ಕೋಲಿನಿಂದ ಒಂದೊಂದು ಸಲ ಮೆತ್ತಗೆ ತಟ್ಟಿ, ಕೋಲನ್ನು ನನ್ನ ಕೈಗೆ ಕೊಟ್ಟ. ಕಚೇರಿಯೊಳಗೆ ಬಂದು ಕಾಗದ ತೆಗೆದು ಸಹಿ ಹಾಕಿದ. ಕೈ ಒದ್ದೆಯಿದ್ದು ಹೆಸರಿನ ಕೊನೆಯ ಅಕ್ಷರ ಹರಡಿತು. ನಾನು ಅವನಿಗೆ ನಾಲ್ಕು ಬ್ಲಾಕು, ಐದು ನಿಮಿಷ ಕೊಡುವುದು ಬಾಕಿಯಿತ್ತು. ಅವನು ಕೇಳಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಅವ್ವನ ಜೊತೆ ಹಟ್ಟಿಕೇರಿಗೆ ಹೊರಟ. ಶಾಲು ಮಡಚಿ ಚೀಲಕ್ಕೆ ಹಾಕಿ, ಎದ್ದು, ಕಚೇರಿಯ ಬಾಗಿಲು ದಾಟಿ ಹೊರಗೆ ಹೋದ. ಎರಡೂ ಕೈ ಚೀಲದ ಪಟ್ಟಿಯ ಮೇಲಿದ್ದವು. ಶಬ್ದ ಬರಲಿಲ್ಲ.

ಗಿರಿಜೆ ಅವನ ಬೆನ್ನು ನೋಡಿದಳು, ದಾರಂದ ನೋಡಿದಳು, ಆಮೇಲೆ ನನ್ನ ಕೈ ಹಿಡಿದು ಮೆಲ್ಲಗೆ, "ಅಕ್ಕಾ, ನೋಡಿದ್ಯಾ? ತಟ್ಟಲಿಲ್ಲ. ಗುಣ ಆಯ್ತು ಅವನಿಗೆ" ಅಂದಳು.

ಹೌದು ಅಂದೆ. ಅವಳಿಗೆ ಹರಕೆ ತೀರಿಸಲು ತೆಂಗಿನಕಾಯಿ ಬೇಕಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ನಾನೇ ಆರಿಸಿ ಕೊಟ್ಟೆ. ಯಾತಕ್ಕೆ ಅಂತ ಅಂಗಡಿಯವನು ಕೇಳಿದ. ಹೇಳಿದೆ.